ಬುಡಕ್ಕ ಬೆಂಕಿ ಹಚ್ಚಿದ್ರೂ ಅದು ಮರ ಕಡಿದಂಗ

ಪ್ರಶ್ನೆ: ಸರ್, ನಮ್ಮೂರ ಬಸ್ ಸ್ಟ್ಯಾಂಡ್ ಹತ್ರ ಹಳೇ ಆಲದ ಮರ ಐತ್ರಿ, ನಮ್ಮಜ್ಜ ಸಣ್ಣಾವ ಇದ್ದಾಗಿಂದ ಇದ್ದದ್ದು. ಸಂತಿ ದಿನ ಕಾಯಿಪಲ್ಯ ಮಾರೋರು, ಬಸ್ಸಿಗೆ ಕಾಯೋರು ಎಲ್ಲಾ ಅದರ ಬುಡಕ ಕುಂದರತಾರ. ಈಗ ಹಿಂದ ಒಬ್ರು ಅಂಗಡಿ ಕಟ್ಟಾಕತ್ಯಾರ, ಮರ ಅಡ್ಡ ಬರತೈತಿ. ಹಗಲಿ ಯಾರೂ ಕೊಡ್ಲಿ ಹಚ್ಚಂಗಿಲ್ಲ, ರಾತ್ರಿ ಬುಡಕ್ಕ ಕಸ, ಹಳೇ ಟೈರ್ ಹಾಕಿ ಸುಡ್ತಾರ. ಪಂಚಾಯ್ತ್ಯಾಗ ಕೇಳಿದ್ರ "ಯಾರೂ ಕಡದಿಲ್ಲಲ್ಲ, ತಾನ ಒಣಗಾಕತ್ತೈತಿ" ಅಂತಾರ. ಹಳ್ಳಿ ಮರಕ್ಕ ಕಾನೂನು ಇಲ್ಲೇನ್ರಿ?
- ಓದುಗರು, ಹುನಗುಂದ ತಾಲೂಕು

ಉತ್ತರ: ಐತ್ರಿ, ಪಕ್ಕಾ ಐತಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ಯಾಟಿ ಮರಕ್ಕಷ್ಟ ಅಂತ ಭಾಳ ಮಂದಿ ತಿಳಕೊಂಡಾರ, ಹಂಗಿಲ್ಲ. ಆ ಕಾಯ್ದ್ಯಾಗ ಮರ ಕಡಿಯೂದು ಅಂದ್ರ ಕೊಡ್ಲಿ ಹಾಕೂದೊಂದ ಅಲ್ಲ, ಬೇರು ಕೀಳೂದು, ಟೊಂಗಿ ಸವರೂದು, ಸುತ್ತ ತೊಗಟಿ ಸುಲಿಯೂದು, ಔಷಧ ಹಾಕಿ ಒಣಗಸೂದು, ಸುಡೂದು, ಎಲ್ಲಾ ಅದರಾಗ ಬರತೈತಿ. ಅಂದಮ್ಯಾಲೆ "ತಾನ ಒಣಗಾಕತ್ತೈತಿ" ಅನ್ನೂ ಮಾತು ನಿಲ್ಲಂಗಿಲ್ಲ. ಎಲಿ ಮಾಡಿದ ಆಹಾರ ತೊಗಟಿ ಒಳಗಿನ ಪದರಿನಿಂದ ಬೇರಿಗಿ ಇಳಿತೈತಿ, ಸುತ್ತ ಸುಟ್ಟ್ರ ಬೇರು ಉಪವಾಸ ಬೀಳತಾವ, ಆದ್ರ ಮ್ಯಾಲೆ ಎಲಿ ತಿಂಗಳಾನುಗಟ್ಟಲೆ ಹಸರ ಇರತೈತಿ, ಅದಕ್ಕ ಸುಟ್ಟವ್ರು ಪಾರಾಗ್ತಾರ, ನನಗ ಸಿಟ್ಟು ಬರೂದು ಇದಕ್ಕ.

ಹಂಗಾಗಿ ಇವತ್ತ ಫೋಟೋ ತಗೀರಿ, ಬೂದಿ, ಕರಿಯಾದ ತೊಗಟಿ, ಇನ್ನೂ ಹಸರ ಇರೂ ಎಲಿ, ಮೂರೂ ಕಾಣಬೇಕು. ಎದಿಮಟ್ಟಕ್ಕ ಟೇಪ್ ಹಿಡದು ಸುತ್ತಳತಿ ಬರಕೋರಿ. ಜಾಗಾ ಯಾರದು ಅಂತ ಉತಾರ ನೋಡ್ರಿ, ರಸ್ತೆದಿದ್ರ ಲೋಕೋಪಯೋಗಿ ಇಲಾಖೆನೂ ಕೇಳಬೇಕಾಗತೈತಿ. ಆಮ್ಯಾಲೆ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಟ್ಟು, ತಹಶೀಲ್ದಾರರಿಗೂ ಪಿಡಿಒಗೂ ಒಂದೊಂದು ಕಾಪಿ, ಮೂರೂ ಕಡೆ ಸಿಕ್ಕಾ ಹಾಕಿಸಿಕೋರಿ. ಬೆಂಕಿ ಉರಿಯೂವಾಗ ಕಂಡ್ರ 112ಕ್ಕ, ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕ ಫೋನ್ ಹಚ್ರಿ. ಉತ್ತರ ಬರಲಿಲ್ಲಂದ್ರ, ಮರ ತಗಿಯಾಕ ಪರ್ಮಿಶನ್ ಕೊಟ್ಟೀರೇನು ಅಂತ ಮಾಹಿತಿ ಹಕ್ಕಿನ್ಯಾಗ ಕೇಳ್ರಿ, 30 ದಿನದಾಗ ಹೇಳಬೇಕು.

ಇನ್ನೊಂದು, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯ್ತಿಗೊಂದು ಜೀವವೈವಿಧ್ಯ ಸಮಿತಿ ಇರಬೇಕು, ಅದರ ದಾಖಲಾತಿ ಪುಸ್ತಕದಾಗ ಈ ಮರ ಬರಸ್ರಿ. ದೇವನಹಳ್ಳಿ ಹತ್ರದ ನಲ್ಲೂರಿನ ಹುಣಸಿ ತೋಪು 2007ರಾಗ ಪಾರಂಪರಿಕ ತಾಣ ಆಗಿದ್ದು ಇದ ಕಾಯ್ದ್ಯಾಗ. ಒಂದ ಮರಕ್ಕ ಅಷ್ಟು ಸಿಗೂದು ಕಷ್ಟ, ಆದ್ರ ಪುಸ್ತಕದಾಗ ಹೆಸರಿದ್ದ ಮರ ಗಪ್‌ಚುಪ್ ಮಾಯ ಆಗಂಗಿಲ್ಲ.

ಬುಡದಾಗಿನ ಬೂದಿ ತಗದು ನೀರು ಹಾಕ್ರಿ, ಬುಡದ ಸುತ್ತ ಸಿಮೆಂಟ್ ಹಾಕಸಬ್ಯಾಡ್ರಿ. ಒಂದು ಮಗ್ಗಲು ತೊಗಟಿ ಉಳದಿದ್ರ ಆಲ ಚೇತರಿಸಿಕೊಳ್ಳೂದು ಐತಿ.

ಪ್ರಶ್ನೆ: ಹೊಲದ ಬದುವಿನ್ಯಾಗ ಬಳ್ಳಾರಿ ಜಾಲಿ ಬೆಳದೈತಿ, ನಡಕ ಎರಡು ಶ್ರೀಗಂಧ. ಎಲ್ಲಾ ತಗಿಯಾಕ ಪರ್ಮಿಶನ್ ಬೇಕೇನ್ರಿ?
- ಓದುಗರು, ಇಂಡಿ

ಉತ್ತರ: ಜಾಲಿಗಿ ಬ್ಯಾಡ್ರಿ, ನೀಲಗಿರಿ, ತೆಂಗು, ಸುಬಾಬುಲ್ ಇದ್ದಂಗ ಅದಕ್ಕೂ ವಿನಾಯ್ತಿ ಐತಿ. ಶ್ರೀಗಂಧ 2001ರ ತಿದ್ದುಪಡಿ ಆದಮ್ಯಾಲೆ ನಿಮ್ಮ ಹೊಲದ್ದು ನಿಮ್ಮದ, ಆದ್ರ ಕಡಿಯಾಕ ಅರಣ್ಯ ಇಲಾಖೆ ಒಪ್ಪಿಗಿ ಬೇಕ ಬೇಕು. ಗಂಧ ಬಾಜೂ ಗಿಡದ ಬೇರಿನಿಂದ ಎಳಕೊಂಡು ಬದುಕೂ ಮರ, ಒಮ್ಮೆಲೇ ಎಲ್ಲಾ ಜಾಲಿ ಕಿತ್ತ್ರ ಅದೂ ಸೊರಗತೈತಿ. ಮೊದಲ ತೊಗರಿ, ಹೊಂಗಿ ಹಚ್ರಿ, ಅವು ಬೇರೂರಿದ ಮ್ಯಾಲೆ ಜಾಲಿ ತಗೀರಿ.