ಚೀಲದಿಂದ ಸದನಕ್ಕೆ ಬಂದ ‘ಬಜೆಟ್’

ಪ್ರಶ್ನೆ: ‘ಬಜೆಟ್’ ಎಂಬ ಇಂಗ್ಲಿಷ್ ಪದಕ್ಕೆ ಮೊದಲು ಚೀಲ ಎಂಬ ಅರ್ಥವಿತ್ತೆಂದು ಓದಿದೆ. ಹಣಕಾಸು ಸಚಿವರು ಲೆಕ್ಕಪತ್ರಗಳನ್ನು ಚರ್ಮದ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಸದನಕ್ಕೆ ಬರುತ್ತಿದ್ದುದರಿಂದಲೇ ಈ ಹೆಸರು ಬಂತೆನ್ನುವುದು ನಿಜವೇ? ಹಾಗಾದರೆ ‘ಬಜೆಟ್ ಫೋನ್’ ಎನ್ನುವಾಗ ಅಗ್ಗದ್ದು ಎಂಬ ಅರ್ಥ ಹೇಗೆ ಬಂತು?
– ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಚೀಲದ ಮಾತು ನಿಜ, ಪೆಟ್ಟಿಗೆಯ ಮಾತು ನಿಜವಲ್ಲ. ಬ್ರಿಟನ್ನಿನ ಹಣಕಾಸು ಸಚಿವರು ಕೈಯಲ್ಲಿ ಎತ್ತಿ ತೋರಿಸುತ್ತಿದ್ದ ಆ ಪ್ರಸಿದ್ಧ ಕೆಂಪು ಪೆಟ್ಟಿಗೆ ಬಳಕೆಗೆ ಬಂದದ್ದು ವಿಲಿಯಂ ಗ್ಲ್ಯಾಡ್‌ಸ್ಟನ್ ಅವರ ಕಾಲದಲ್ಲಿ, ಅಂದರೆ 1860ರ ಸುಮಾರಿಗೆ. ಸರ್ಕಾರದ ಹಣಕಾಸಿನ ಸಂದರ್ಭದಲ್ಲಿ ‘ಬಜೆಟ್’ ಎಂಬ ಪದ ಅಚ್ಚಾಗಿರುವುದು 1733ರಷ್ಟು ಹಿಂದೆಯೇ ಕಾಣಸಿಗುತ್ತದೆ. ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ತಡವಾಗಿ ಬಂದ ಪೆಟ್ಟಿಗೆ ಪದಕ್ಕೆ ಕಾರಣವಾಗಿರಲು ಸಾಧ್ಯವಿಲ್ಲ.

ಪದದ ಬೇರು ಇಂಗ್ಲೆಂಡಿನದಲ್ಲ. ಇಂದಿನ ಫ್ರಾನ್ಸ್ ಇರುವ ಪ್ರದೇಶದಲ್ಲಿ ರೋಮನ್ನರ ಕಾಲದಲ್ಲಿ ಗಾಲ್ ಜನರು ಚರ್ಮದ ಚೀಲವನ್ನು ‘ಬುಲ್ಗ’ ಎನ್ನುತ್ತಿದ್ದರೆಂದು ಫೆಸ್ಟಸ್ ಎಂಬ ರೋಮನ್ ವ್ಯಾಕರಣಕಾರ ಬರೆದಿಟ್ಟಿದ್ದಾನೆ. ಲ್ಯಾಟಿನ್ ಅದನ್ನು ಗಾಲ್ ಭಾಷೆಯಿಂದ ಎರವಲು ಪಡೆಯಿತು. ಹಳೆಯ ಫ್ರೆಂಚಿನಲ್ಲಿ ಅದು ‘ಬೂಜ್’ ಆಯಿತು. ಚಿಕ್ಕದೆಂದು ಸೂಚಿಸುವ ಪ್ರತ್ಯಯ ಸೇರಿ ‘ಬೂಜೆಟ್’, ಅಂದರೆ ಸಣ್ಣ ಚರ್ಮದ ಚೀಲ, ಹುಟ್ಟಿತು. 15ನೇ ಶತಮಾನದಲ್ಲಿ ಈ ರೂಪ ಇಂಗ್ಲಿಷಿಗೆ ಬಂತು. ಉಬ್ಬು ಎಂಬರ್ಥದ ‘ಬಲ್ಜ್’ ಎಂಬ ಇಂಗ್ಲಿಷ್ ಪದವೂ ಇದೇ ಬುಲ್ಗದ ಸಂತತಿ. ತುಂಬಿದ ಚೀಲ ಉಬ್ಬಿಕೊಂಡೇ ಇರುತ್ತದೆ, ಆದ್ದರಿಂದ ಈ ದಾಯಾದಿತನದಲ್ಲಿ ಅಚ್ಚರಿಯೇನೂ ಇಲ್ಲ.

ಸುಮಾರು ಮುನ್ನೂರು ವರ್ಷ ಈ ಪದಕ್ಕೂ ಲೆಕ್ಕಕ್ಕೂ ಸಂಬಂಧವಿರಲಿಲ್ಲ. ಶೇಕ್ಸ್‌ಪಿಯರನ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಆಟೋಲಿಕಸ್ ಎಂಬ ಕಳ್ಳ ಹಾಡುತ್ತ ಬರುವಾಗ, ಊರೂರು ಸುತ್ತಿ ಪಾತ್ರೆ ರಿಪೇರಿ ಮಾಡುವವರು ಹೊತ್ತು ತಿರುಗುವ ಹಂದಿಚರ್ಮದ ‘ಬಜೆಟ್’ನ ಮಾತೆತ್ತುತ್ತಾನೆ. ಅಲ್ಲಿ ಬಜೆಟ್ ಎಂದರೆ ಉಪಕರಣಗಳನ್ನು ತುಂಬಿದ ಚೀಲ, ಅಷ್ಟೇ. ಇದರ ಜೊತೆಗೇ ಇನ್ನೊಂದು ಅರ್ಥವೂ ಬೆಳೆಯುತ್ತಿತ್ತು: ಚೀಲದ ಹೆಸರು ಚೀಲದೊಳಗಿನ ಸರಕಿಗೂ ಸಂದಿತು. 17ನೇ ಶತಮಾನದ ಕೊನೆಯಲ್ಲಿ ಈಸೋಪನ ಕಥೆಗಳನ್ನು ಇಂಗ್ಲಿಷಿಗೆ ತಂದ ರೋಜರ್ ಲೆಸ್ಟ್ರೇಂಜ್, ನರಿಯ ಬಳಿಯಿದ್ದ ಯುಕ್ತಿಗಳ ಇಡೀ ಸಂಗ್ರಹಕ್ಕೆ ‘ಬಜೆಟ್’ ಎಂದೇ ಬರೆದಿದ್ದಾನೆ. ಒಂದೇ ಉಪಾಯ ಬಲ್ಲ ಬೆಕ್ಕು ಬದುಕಿಕೊಂಡಿತು, ನರಿಯ ‘ಬಜೆಟ್’ ಅದನ್ನು ಉಳಿಸಲಿಲ್ಲ. ಕನ್ನಡದವರಿಗೆ ಈ ಅರ್ಥಪಲ್ಲಟ ಹೊಸದಲ್ಲ. ‘ಗಂಟು’ ಎಂದರೆ ಬಟ್ಟೆಯಲ್ಲಿ ಕಟ್ಟಿದ ಮೂಟೆ. ಆದರೆ ‘ಅವರಪ್ಪನ ಗಂಟೇನು ಹೋಗುತ್ತೆ’ ಎನ್ನುವಾಗ ನಾವು ಬಟ್ಟೆಯ ಮಾತನ್ನಾಡುತ್ತಿರುವುದಿಲ್ಲ, ಒಳಗಿನ ಹಣದ ಮಾತನ್ನಾಡುತ್ತಿರುತ್ತೇವೆ. ಒಟ್ಟಿಗೆ ಕೈಸೇರುವ ಮೊತ್ತಕ್ಕೆ ‘ಇಡುಗಂಟು’ ಎನ್ನುವುದೂ ಹೀಗೆಯೇ.

ಚೀಲ ಸರ್ಕಾರದ ಲೆಕ್ಕವಾದ ಗಳಿಗೆಯನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಅದು ನಡೆದದ್ದು ಗೌರವದಿಂದಲ್ಲ, ಲೇವಡಿಯಿಂದ. 1733ರಲ್ಲಿ ಬ್ರಿಟನ್ನಿನ ಆಡಳಿತ ರಾಬರ್ಟ್ ವಾಲ್‌ಪೋಲ್ ಕೈಯಲ್ಲಿತ್ತು. ಆಮದಾಗುವ ವೈನ್ ಮತ್ತು ತಂಬಾಕಿನ ಮೇಲಿನ ಸುಂಕವನ್ನು ಬಂದರಿನಲ್ಲಿ ವಸೂಲು ಮಾಡುವ ಬದಲು, ಸರಕು ಮಾರಾಟಕ್ಕೆಂದು ಉಗ್ರಾಣದಿಂದ ಹೊರಬೀಳುವಾಗ ಅಬಕಾರಿ ತೆರಿಗೆಯಾಗಿ ವಸೂಲು ಮಾಡುವ ಯೋಜನೆಯನ್ನು ಆತ ಮುಂದಿಟ್ಟ. ಕಳ್ಳಸಾಗಣೆಯನ್ನು ತಡೆಯುವುದು, ಭೂಕಂದಾಯದ ಹೊರೆಯನ್ನು ಇಳಿಸುವುದು ಅವನ ಲೆಕ್ಕಾಚಾರವಾಗಿತ್ತು. ಆದರೆ ಅಬಕಾರಿ ಅಧಿಕಾರಿಗಳಿಗೆ ಅಂಗಡಿ, ಉಗ್ರಾಣಗಳನ್ನು ಹೊಕ್ಕು ತಪಾಸಣೆ ಮಾಡುವ ಅಧಿಕಾರವಿದ್ದುದರಿಂದ, ನಾಳೆ ಮನೆಯೊಳಗೂ ನುಗ್ಗಿಯಾರೆಂಬ ಭಯ ಹಬ್ಬಿತು, ವ್ಯಾಪಾರಿಗಳು ಬೀದಿಗಿಳಿದರು. ಆಗ ಹೊರಬಂದ ಒಂದು ಕರಪತ್ರದ ಹೆಸರೇ ‘ದಿ ಬಜೆಟ್ ಓಪನ್ಡ್’, ಅಂದರೆ ಚೀಲ ಬಿಚ್ಚಿತು ಎಂದು. ಸಂತೆಯಲ್ಲಿ ಚೀಲ ಬಿಚ್ಚಿ, ಎಲ್ಲ ರೋಗಕ್ಕೂ ಮದ್ದು ಎಂದು ಕೂಗುವ ನಕಲಿ ವೈದ್ಯನಿಗೆ ಅದು ಪ್ರಧಾನಿಯನ್ನು ಹೋಲಿಸಿತ್ತು. ವಾಲ್‌ಪೋಲ್ ಅದೇ ಏಪ್ರಿಲ್‌ನಲ್ಲಿ ಯೋಜನೆಯನ್ನು ಕೈಬಿಟ್ಟ. ಅಬಕಾರಿ ಗಲಾಟೆ ತಣ್ಣಗಾದ ಮೇಲೂ ಅಣಕದ ಮಾತು ಉಳಿಯಿತು. ಅದೇ ಶತಮಾನದ ಉತ್ತರಾರ್ಧದಲ್ಲಿ ಹಣಕಾಸು ಸಚಿವರು ವರ್ಷದ ಲೆಕ್ಕವನ್ನು ಸದನದ ಮುಂದಿಡುವುದಕ್ಕೆ ‘ಬಜೆಟ್ ತೆರೆಯುವುದು’ ಎಂದು ಯಾರೂ ನಗದೆ ಹೇಳುವಷ್ಟು ಅದು ಸಹಜವಾಯಿತು. ಹೀಗಾಗಿ ಸಚಿವರ ಪೆಟ್ಟಿಗೆಯ ಕಥೆಗಿಂತ ನಕಲಿ ವೈದ್ಯನ ಚೀಲದ ಕಥೆಯೇ ದಾಖಲೆಗೆ ಹತ್ತಿರವಾದದ್ದು ಎಂದು ನನಗೆ ಅನ್ನಿಸುತ್ತದೆ.

ಫ್ರೆಂಚರು ತಾವು ಕೊಟ್ಟ ಪದವನ್ನು ಹೊಸ ಅರ್ಥದೊಂದಿಗೆ ಇಂಗ್ಲಿಷಿನಿಂದ ಮರಳಿ ಪಡೆದರು. ಅಲ್ಲಿಂದ ಅದು ಯುರೋಪಿನ ಬೇರೆ ಭಾಷೆಗಳಿಗೂ ಹರಡಿತು. ಹಳೆಯ ‘ಸಂಗ್ರಹ’ ಎಂಬ ಅರ್ಥವೂ 19ನೇ ಶತಮಾನದುದ್ದಕ್ಕೂ ಬದುಕಿತ್ತು. ಲಂಡನ್ನಿನ ಒಂದು ವಾರಪತ್ರಿಕೆಯ ಹೆಸರು ‘ಪಾಲ್ ಮಾಲ್ ಬಜೆಟ್’. ಮದುರೆಯಲ್ಲಿ ಹುಟ್ಟಿದ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ ಬರೆದು, 1872ರಲ್ಲಿ ಅವನ ಮರಣಾನಂತರ ಪ್ರಕಟವಾದ ‘ಎ ಬಜೆಟ್ ಆಫ್ ಪ್ಯಾರಡಾಕ್ಸಸ್’ ಪುಸ್ತಕದಲ್ಲಿ ಹಣಕಾಸಿನ ಮಾತೇ ಇಲ್ಲ. ಅದು ವಿಚಿತ್ರ ವಾದಗಳ ಕಂತೆ. ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ ಮರುದಿನದ ಸಂಚಿಕೆಗೆ ಸಿದ್ಧವಾಗುತ್ತಿರುವ ಸುದ್ದಿಗಳ ಪಟ್ಟಿಗೆ ‘ನ್ಯೂಸ್ ಬಜೆಟ್’ ಎನ್ನುವುದು ಈ ಹಳೆಯ ಅರ್ಥವನ್ನೇ ನೆನಪಿಸುತ್ತದೆ.

ಇನ್ನು ಅಗ್ಗದ ಮಾತು. 19ನೇ ಶತಮಾನದಲ್ಲಿ ಸರ್ಕಾರದ ಲೆಕ್ಕದ ಹೆಸರು ಸಂಸಾರದ ಲೆಕ್ಕಕ್ಕೂ ಬಂತು. ಸರ್ಕಾರ ಖರ್ಚನ್ನು ಮೊದಲು ಗೊತ್ತುಮಾಡಿಕೊಂಡು, ಕಡಿಮೆ ಬಿದ್ದರೆ ತೆರಿಗೆಯನ್ನೋ ಸಾಲವನ್ನೋ ಏರಿಸಬಲ್ಲದು. ಸಂಬಳದಲ್ಲಿ ಬದುಕುವ ಮನೆಗೆ ಆ ಅನುಕೂಲವಿಲ್ಲ. ಆದ್ದರಿಂದ ಮನೆಯೊಳಗೆ ಕಾಲಿಟ್ಟ ಬಜೆಟ್‌ನಲ್ಲಿ ಯೋಜನೆ ಎಂಬ ಅರ್ಥ ಹಿಂದೆ ಸರಿದು, ದಾಟಬಾರದ ಮಿತಿ ಎಂಬ ಅರ್ಥ ಮುಂದೆ ಬಂತು. ಮಿತಿಯೊಳಗೆ ಸಿಗುವ ವಸ್ತುವನ್ನು 20ನೇ ಶತಮಾನದ ಅಂಗಡಿಗಳು ‘ಬಜೆಟ್’ ಎಂಬ ವಿಶೇಷಣ ಹಚ್ಚಿ ಮಾರತೊಡಗಿದವು. ‘ಅಗ್ಗ’ ಎಂದರೆ ಕೊಳ್ಳುವವರಿಗೆ ಮುಜುಗರ, ‘ಬಜೆಟ್’ ಎಂದರೆ ಜಾಣತನ. ಜಾಹೀರಾತಿನವರಿಗೆ ಇಷ್ಟು ವ್ಯತ್ಯಾಸ ಸಾಕು. ಮಿತಿ ಎಂಬ ಈ ಅರ್ಥ ಈಗ ಹಣವನ್ನೂ ದಾಟಿದೆ: ಭೂಮಿಯ ತಾಪ ಒಂದು ಮಟ್ಟವನ್ನು ಮೀರದಿರಬೇಕಾದರೆ ಇನ್ನೆಷ್ಟು ಇಂಗಾಲದ ಡೈಆಕ್ಸೈಡನ್ನು ಹೊರಬಿಡಬಹುದು ಎಂಬ ಲೆಕ್ಕಕ್ಕೆ ವಿಜ್ಞಾನಿಗಳು ‘ಕಾರ್ಬನ್ ಬಜೆಟ್’ ಎನ್ನುತ್ತಾರೆ. ಕನ್ನಡದ ಆಡುಮಾತಿಗೆ ಇಳಿದಿರುವುದೂ ಹೆಚ್ಚಾಗಿ ಈ ಅರ್ಥವೇ. ಫೋನಿನ ಅಂಗಡಿಯವರು ‘ನಿಮ್ಮ ಬಜೆಟ್ ಎಷ್ಟು ಸರ್?’ ಎಂದು ಕೇಳುವುದು ನಮ್ಮ ಆದಾಯದ ವಿವರವನ್ನಲ್ಲ, ಎಲ್ಲಿಯವರೆಗೆ ಹೋಗಬಲ್ಲಿರಿ ಎಂಬುದನ್ನು.

ಭಾರತಕ್ಕೆ ಈ ಪದ್ಧತಿ ಬಂದದ್ದು 1860ರಲ್ಲಿ. ‘ದಿ ಎಕಾನಮಿಸ್ಟ್’ ಪತ್ರಿಕೆಯ ಸ್ಥಾಪಕರಾದ ಜೇಮ್ಸ್ ವಿಲ್ಸನ್ ಆ ವರ್ಷ ಕಲ್ಕತ್ತೆಯಲ್ಲಿ ಮೊದಲ ಬಜೆಟ್ ಮಂಡಿಸಿ, ಆದಾಯ ತೆರಿಗೆಯನ್ನೂ ಜೊತೆಗೆ ತಂದರು. ಸ್ವತಂತ್ರ ಭಾರತದ ಮೊದಲ ಬಜೆಟ್ಟನ್ನು ಆರ್.ಕೆ. ಷಣ್ಮುಖಂ ಚೆಟ್ಟಿ ಅವರು 1947ರ ನವೆಂಬರ್ 26ರಂದು ಮಂಡಿಸಿದರು. ಚರ್ಮದ ಪೆಟ್ಟಿಗೆಯ ರೂಢಿ 2019ರ ಜುಲೈ 5ರಂದು ಮುರಿಯಿತು. ನಿರ್ಮಲಾ ಸೀತಾರಾಮನ್ ಅವರು ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ತಂದರು, ಅಂದರೆ ಅಕ್ಷರಶಃ ಗಂಟನ್ನೇ ತಂದರು. ಇಷ್ಟಾದರೂ ನಮ್ಮ ಸಂವಿಧಾನ ಕೇಂದ್ರದ ಲೆಕ್ಕದ ಬಗ್ಗೆ ಹೇಳುವ 112ನೇ ವಿಧಿಯಲ್ಲಾಗಲಿ, ರಾಜ್ಯಗಳ ಲೆಕ್ಕದ 202ನೇ ವಿಧಿಯಲ್ಲಾಗಲಿ ‘ಬಜೆಟ್’ ಎಂಬ ಪದವಿಲ್ಲ. ಅಲ್ಲಿರುವುದು ‘ವಾರ್ಷಿಕ ಹಣಕಾಸು ವಿವರ’ ಎಂಬರ್ಥದ ನೇರ ಮಾತು.

ಪ್ರಶ್ನೆ: ಬಜೆಟ್‌ಗೆ ಕನ್ನಡದಲ್ಲಿ ‘ಆಯವ್ಯಯ’, ‘ಮುಂಗಡಪತ್ರ’ ಎಂಬ ಎರಡು ಪದಗಳಿವೆ. ಬರೆಯುವಾಗ ಯಾವುದನ್ನು ಬಳಸಬೇಕು?
– ಓದುಗರು, ಶಿರಸಿ

ಉತ್ತರ: ಎರಡೂ ಸರಿ, ನನ್ನ ಒಲವು ‘ಆಯವ್ಯಯ’ದ ಕಡೆಗೆ. ಆಯ ಎಂದರೆ ಆದಾಯ, ವ್ಯಯ ಎಂದರೆ ಖರ್ಚು. ಯುಗಾದಿಯ ದಿನ ಪಂಚಾಂಗದಲ್ಲಿ ತಮ್ಮ ರಾಶಿಯ ಆಯ-ವ್ಯಯವನ್ನು ಕೇಳಿದವರಿಗೆಲ್ಲ ಇದನ್ನು ವಿವರಿಸಬೇಕಾಗಿಲ್ಲ. ರಾಜ್ಯ ಸರ್ಕಾರದ ಬಜೆಟ್ ಭಾಷಣದ ಪುಸ್ತಿಕೆಗಳೂ ಈ ಪದವನ್ನೇ ಬಳಸುತ್ತವೆ. ‘ಮುಂಗಡಪತ್ರ’ ಬರಲಿರುವ ವರ್ಷದ ಅಂದಾಜು ಎಂಬುದನ್ನು ಚೆನ್ನಾಗಿ ಹೇಳುತ್ತದೆಯಾದರೂ, ಬಾಡಿಗೆ ಮನೆಗೆ ಕೊಡುವ ‘ಮುಂಗಡ’ದ ನೆನಪು ಅಡ್ಡ ಬರುತ್ತದೆ. ಮನೆಯ, ಮದುವೆಯ, ಸಿನಿಮಾದ ಮಾತು ಬಂದಾಗ ಇವೆರಡೂ ಹೊಂದುವುದಿಲ್ಲ. ಅಲ್ಲಿ ‘ಬಜೆಟ್’ ಎಂದೇ ಬರೆಯಬಹುದು, ಬೇಡವೆನಿಸಿದರೆ ‘ಖರ್ಚಿನ ಮಿತಿ’ ಎನ್ನಬಹುದು.