ಬ್ರಿಡ್ಜ್ ಎತ್ತಿದರೂ ಝರ್ ಅನ್ನುವ ತಂತಿ

ಪ್ರಶ್ನೆ: ನನ್ನ ಡಬಲ್ ಬೇಸ್‌ನ (ನಿಲ್ಲಿಸಿ ನುಡಿಸುವ, ಪಿಟೀಲಿನಂಥ ದೊಡ್ಡ ವಾದ್ಯ) ಜಿ ತಂತಿಯಲ್ಲಿ ಬಿ ಮತ್ತು ಸಿ ಸ್ವರ ಮೀಟಿದಾಗ ಝರ್ ಎಂಬ ಸದ್ದು ಬರುತ್ತದೆ. ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್ ಎತ್ತರಿಸಿದೆ. ಸದ್ದು ಸ್ವಲ್ಪ ತಗ್ಗಿತು, ಆದರೆ ಈಗ ಎಡಗೈ ನೋಯುತ್ತಿದೆ. ಬೆರಳಿಂದ ತಂತಿ ಒತ್ತುವ ಹಲಗೆ, ಅಂದರೆ ಫಿಂಗರ್‌ಬೋರ್ಡ್ ಉಜ್ಜಿ ನೇರ ಮಾಡಬೇಕು ಅಂತಾರೆ. ನಾನೇ ಉಜ್ಜಬಹುದಾ?

ಉತ್ತರ: ಮೊದಲು ಬ್ರಿಡ್ಜ್ ಹಿಂದಿದ್ದ ಎತ್ತರಕ್ಕೆ ಇಳಿಸಿ. ಕೈಗೆ ನೋವು ಕೊಟ್ಟು ಸದ್ದು ಅಡಗಿಸುವುದು ರಿಪೇರಿ ಅಲ್ಲ. ಎರಡೇ ಸ್ವರಗಳು ಝರ್ ಅನ್ನುತ್ತಿದ್ದರೆ ಸಾಮಾನ್ಯವಾಗಿ ದೋಷ ಇರುವುದು ಬೋರ್ಡ್‌ನಲ್ಲಿ.

ಇನ್ನೊಂದು ಮಾತು. ಬೋರ್ಡ್ ಪೂರ್ತಿ ನೇರ ಇರಬಾರದು! ಉದ್ದಕ್ಕೂ ಒಂದು ಸಣ್ಣ ತಗ್ಗು ಬೇಕು, ಯಾಕೆಂದರೆ ಮೀಟಿದ ತಂತಿಗೆ ಅಲುಗಾಡಲು ಜಾಗ ಬೇಕಲ್ವಾ? ಇದನ್ನು ನೋಡಲು ಯಾವ ಉಪಕರಣವೂ ಬೇಡ. ಜಿ ತಂತಿಯನ್ನು ಒಂದು ಕೈಯಿಂದ ನಟ್ (ಬೋರ್ಡ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಪಕ್ಕದಲ್ಲಿ, ಇನ್ನೊಂದು ಕೈಯಿಂದ ಬೋರ್ಡ್‌ನ ಕೆಳತುದಿಯಲ್ಲಿ ಒತ್ತಿ ಹಿಡಿಯಿರಿ. ಈಗ ತಂತಿಯೇ ನಿಮ್ಮ ಅಳತೆಪಟ್ಟಿ. ನಡುವೆ ಎಷ್ಟು ಸಂದು ಕಾಣುತ್ತದೆ? ಬೆರಳಲ್ಲೇ ಜಾಸ್ತಿ ಮೀಟುವವರಿಗೆ ಸುಮಾರು 1 ಮಿ.ಮೀ. ಸಾಕು. ಕಮಾನು ಹಿಡಿದು ಜೋರಾಗಿ ನುಡಿಸುವವರಿಗೆ ಒಂದೂವರೆ, ಎರಡು ಬೇಕಾಗಬಹುದು. ಇ ತಂತಿ ದಪ್ಪ, ಅಗಲವಾಗಿ ಅಲುಗುತ್ತದೆ. ಅದರ ಕೆಳಗೆ ಇನ್ನೂ ಸ್ವಲ್ಪ ಹೆಚ್ಚಿರಲಿ.

ಸಂದಿನ ಅಳತೆಗಿಂತ ತಗ್ಗಿನ ಆಕಾರ ಮುಖ್ಯ. ಅದು ಎರಡೂ ತುದಿಯಿಂದ ನಯವಾಗಿ ಇಳಿದು ನಡುವೆ ಸೇರಬೇಕು. ನಾನು ಮೊದಲು ನೋಡುವುದು ಎರಡು ಜಾಗ. ಒಂದು, ಕತ್ತು ಒಡಲಿಗೆ ಸೇರುವ ಕಡೆ. ನಾಲ್ಕು ತಂತಿ ಸೇರಿ 100 ಕಿಲೋಗೂ ಹೆಚ್ಚು ಎಳೆಯುತ್ತವೆ, ವರ್ಷಗಳು ಕಳೆದಂತೆ ಅಲ್ಲಿ ಉಬ್ಬು ಏಳಬಹುದು. ಇನ್ನೊಂದು, ನಟ್ ಹತ್ತಿರ, ಬೆರಳು ಸದಾ ಒತ್ತುವ ಜಾಗ. ಅಲ್ಲಿ ತಂತಿ ಬೋರ್ಡ್‌ನ ಗಟ್ಟಿ ಕರಿಮರ ಎಬೊನಿಯನ್ನೂ ಕೊರೆದು ಗುಳಿ ಮಾಡುತ್ತದೆ. ಗುಳಿಯಲ್ಲಿ ಒತ್ತಿದ ತಂತಿ ಮುಂದಿನ ಅಂಚಿಗೆ ತಗಲುತ್ತದೆ. ನಿಮ್ಮ ಬಿ, ಸಿ ವಿಷಯದಲ್ಲಿ ನನ್ನ ಅನುಮಾನ ಇದರ ಮೇಲೇ.

ನೀವೇ ಉಜ್ಜಬಹುದಾ? ಬೇಡ. ದಯವಿಟ್ಟು ಈ ಬೇಸ್ ಮೇಲೆ ಕಲಿಯಬೇಡಿ. ಚಿಕ್ಕ ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ಉಜ್ಜಿದರೆ ಅದು ಉಬ್ಬನ್ನು ಹತ್ತಿ ಇಳಿಯುತ್ತದೆ ಅಷ್ಟೇ, ತೆಗೆಯುವುದಿಲ್ಲ. ಉದ್ದನೆಯ, ಚೂಪಾದ ಉಜ್ಜುಗೊರಡು ಬೇಕು, ಆಮೇಲೆ ಸ್ಕ್ರೇಪರ್ (ಹೆರೆಯುವ ತೆಳು ಅಲಗು). ಎಬೊನಿಯ ಎಳೆ ಅಲ್ಲಲ್ಲಿ ತಿರುಗುತ್ತದೆ, ಅಲಗು ಮೊಂಡಾಗಿದ್ದರೆ ಕಿತ್ತುಬರುತ್ತದೆ. ಅದರ ಧೂಳೂ ಒಳ್ಳೆಯದಲ್ಲ, ಮಾಸ್ಕ್ ಬೇಕೇ ಬೇಕು. ತಂತಿಗಳನ್ನೆಲ್ಲ ಬಿಚ್ಚಿದಾಗ ಒಳಗೆ ಮೇಲಿನ ಮತ್ತು ಹಿಂದಿನ ಹಲಗೆಗಳ ನಡುವೆ ನಿಲ್ಲಿಸಿದ ಕಡ್ಡಿ (ಸೌಂಡ್ ಪೋಸ್ಟ್) ಬಿದ್ದುಹೋಗಬಹುದು, ಅದಕ್ಕೆ ಅಂಟು ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಭಯ, ಒಮ್ಮೆ ತೆಗೆದ ಮರ ವಾಪಸ್ ಬರುವುದಿಲ್ಲ. ಬೋರ್ಡ್ ತೆಳುವಾದರೆ ಕತ್ತೂ ಬಾಗುತ್ತದೆ, ನಾದವೂ ಸೊರಗುತ್ತದೆ.

ರಿಪೇರಿಯವರ ಹತ್ತಿರ ಹೋದಾಗ ಸುಮ್ನೆ "ನೇರ ಮಾಡಿ" ಅನ್ನಬೇಡಿ. ನೀವು ಮೀಟುತ್ತೀರೋ ಕಮಾನು ಹಿಡಿಯುತ್ತೀರೋ, ಯಾವ ತಂತಿ ಹಾಕುತ್ತೀರಿ, ಎಷ್ಟು ಜೋರಾಗಿ ನುಡಿಸುತ್ತೀರಿ, ಎಲ್ಲ ಹೇಳಿ. ಬೋರ್ಡ್ ತಗ್ಗಿದ ಮೇಲೆ ನಟ್ ಕೂಡ ತಗ್ಗಬೇಕು, ಕೊನೆಗೆ ಬ್ರಿಡ್ಜ್. ಈ ಕ್ರಮ ತಪ್ಪಬಾರದು. ಮೀಟುವುದು, ಕಮಾನು ಎರಡೂ ಇದ್ದರೆ ಬೋರ್ಡ್‌ನ ಕೆಳತುದಿಯಲ್ಲಿ ಜಿ ತಂತಿ 5-6 ಮಿ.ಮೀ., ಇ ತಂತಿ 8-9 ಮಿ.ಮೀ. ಎತ್ತರದಿಂದ ಶುರು ಮಾಡಿ ಅಂತ ಕೇಳಬಹುದು.

ಪ್ರಶ್ನೆ: ನನ್ನ ಬೇಸ್‌ನಲ್ಲಿ ಇ ತಂತಿಯ ಕೆಳಗೆ ಬೋರ್ಡ್ ಚಪ್ಪಟೆಯಾಗಿದೆ. ಗುಂಡಗೆ ಮಾಡಿಸಲಾ?

ಉತ್ತರ: ಅದು ರೋಂಬರ್ಗ್ ಆಕಾರ. ಚೆಲ್ಲೋ ವಾದಕ ಬರ್ನ್‌ಹಾರ್ಡ್ ರೋಂಬರ್ಗ್ ಹೆಸರಿನದು. ಕರುಳಿನ ದಪ್ಪ ತಂತಿ ಅಲುಗಾಡಲು ಜಾಗ ಕೊಡುವ ಉಪಾಯ. ಉಕ್ಕಿನ ತಂತಿಗೆ ಇದು ಬೇಕಿಲ್ಲ. ಆದರೆ ಗುಂಡಗೆ ಮಾಡಲು ತುಂಬಾ ಮರ ತೆಗೆಯಬೇಕಾಗುತ್ತದೆ. ತೊಂದರೆ ಇಲ್ಲದೆ ನುಡಿಯುತ್ತಿದ್ದರೆ ಹಾಗೇ ಬಿಡಿ.