ಹಳೇ ಬೈಕ್ 70 ಕಿ.ಮೀ. ವೇಗ ದಾಟಿದ ಮೇಲೆ ಸೊರಗುವುದು ಯಾಕೆ?

ಹೆಚ್ಚಾಗಿ ಎಂಜಿನ್‌ಗೆ ಪೆಟ್ರೋಲ್ ಸಾಲದೇ ಹೀಗಾಗುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಒಂದು ಪುಟ್ಟ ಬಟ್ಟಲಿದೆ. ದಾವಣಗೆರೆ ಪೇಟೆಯೊಳಗೆ ಓಡಿಸುವಾಗ ಅದು ತುಂಬಿಕೊಂಡೇ ಇರುತ್ತದೆ. ಚಿತ್ರದುರ್ಗದ ಹೈವೇಯಲ್ಲಿ ಎಕ್ಸಲೇಟರ್ ಪೂರ್ತಿ ತಿರುವಿದರೆ, ಟ್ಯಾಂಕಿನಿಂದ ಬರುವುದಕ್ಕಿಂತ ಜಾಸ್ತಿ ಖರ್ಚಾಗಿ ಬಟ್ಟಲು ಬರಿದಾಗುತ್ತದೆ. ಬದಿಗೆ ನಿಲ್ಲಿಸಿ ಎರಡು ನಿಮಿಷ ಬಿಟ್ಟರೆ ಮತ್ತೆ ಎಳೆಯುತ್ತದೆ, ಅಲ್ವಾ? ಹಾಗಿದ್ದರೆ ಹೆಚ್ಚಾಗಿ ಇದೇ ತೊಂದರೆ.

ಸೊರಗಿದ ಕೂಡಲೇ ನಿಲ್ಲಿಸಿ ಟ್ಯಾಂಕ್ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ, ಅದಕ್ಕೇ ಪೆಟ್ರೋಲ್ ಸರಿಯಾಗಿ ಇಳಿಯುತ್ತಿಲ್ಲ. ಇಲ್ಲದಿದ್ದರೆ ಪೆಟ್ರೋಲ್ ಕಾಕ್‌ನ (ಟ್ಯಾಂಕ್ ಕೆಳಗಿನ ನಲ್ಲಿಯ) ಜಾಲರಿ ನೋಡಿ. ಹಳೇ ಟ್ಯಾಂಕಿನ ತುಕ್ಕೆಲ್ಲ ಅಲ್ಲೇ ಕೂರುತ್ತದೆ. ಏರ್ ಫಿಲ್ಟರನ್ನೂ ಒಮ್ಮೆ ಕೊಡವಿ ನೋಡಿ. ಇದಕ್ಕೂ ಮೊದಲೇ ಸುಮ್ನೆ ಎಂಜಿನ್ ಬಿಚ್ಚಿಸಬೇಡಿ.

ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಮಾತ್ರ ಕತೆ ಬೇರೆ. ಕ್ಲಚ್ ಪ್ಲೇಟ್ ಸವೆದಿರಬಹುದು.